ಬಲೂನು ಗೊತ್ತಾಗದವರು

ಗುದದೊಳಗೆ ಬಲೂನು ಎಷ್ಟು ಉಬ್ಬಿದರೆ ಆರೋಗ್ಯವಂತರಿಗೆ ಗೊತ್ತಾಗುತ್ತದೆಂದು ಕಾನ್ಪುರದ ಆ ಆಸ್ಪತ್ರೆಯಲ್ಲಿ ಅಳೆಯುತ್ತಿದ್ದರು. ಮುಂದೆ ರೋಗಿಗಳನ್ನು ಆ ಅಳತೆಗೆ ಹೋಲಿಸುವುದಿತ್ತು. ಬೇರೆ ಕೇರಿಯಿಂದ ಬಂದು ಸರದಿಗೆ ಕಾಯುತ್ತಿದ್ದ ನಫೀಸಾಳ ಪಕ್ಕದಲ್ಲಿ, ಪರೀಕ್ಷೆ ಮುಗಿಸಿ ಬಂದ ಅತ್ತಿಗೆ ನಾದಿನಿಯರಿಬ್ಬರು ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಕೈಕಾಲು ಜೋಮು ಹಿಡಿಸುವ ರಾಸಾಯನಿಕಗಳಲ್ಲಿ ಚರ್ಮ ಹದಮಾಡುವ ಕೇರಿಯವರೆಂದು ವಾಸನೆಯೇ ಹೇಳುತ್ತಿತ್ತು.

“ನಿಮಗೆ ಗೊತ್ತಾಯ್ತಾ ಅತ್ತಿಗೆ?”

“ಎಲ್ಲಿ ಗೊತ್ತಾಗತ್ತೆ? ಕಾದೆ ಕಾದೆ, ಕೊನೆಗೆ ಅವರೇ ಸಾಕು ಅಂದ್ರು.”

“ನನಗೂ ಅಷ್ಟೆ. ನಮ್ಮ ಕೇರಿಯಲ್ಲಿ ಯಾರಿಗೂ ಗೊತ್ತಾಗಿಲ್ವಂತೆ.”

“ಬೇರೆ ಕೇರಿಯವರು?”

“ಅವರು ನಾಚ್ಕೊಂಡು ಬರೋದೇ ಇಲ್ಲ. ಬಂದಿರೋರೆಲ್ಲ ನಾವೇ.”

“ಡಾಕ್ಟ್ರು ಏನಂದ್ರು?”

“ಇಷ್ಟು ಜನ ಗಟ್ಟಿಮುಟ್ಟಾದವರು ಒಂದೇ ಥರ ಇದ್ದಾರೆ ಅಂದ್ಮೇಲೆ ಇದೇ ಸರಿಯಾದ ಅಳತೆ ಅಂದ್ರು.”

“ಸರಿ ಬಿಡು. ಬೆಳಿಗ್ಗೆ ಒಬ್ಬಳು ಹೊರಗಿನವಳು ಬಂದಿದ್ಲಲ್ಲ?”

“ಅವಳಿಗೆ ಬಲೂನು ಉಬ್ಬಿಸ್ತಿದ್ದ ಹಾಗೇ ಗೊತ್ತಾಯ್ತಂತೆ. ಪಾಪ, ಏನೋ ಕಾಯಿಲೆ ಅಂತ ವಾರ್ಡಲ್ಲಿ ಮಲಗಿಸ್ಕೊಂಡಿದ್ದಾರೆ.”

ಒಳಗಿನಿಂದ ನಫೀಸಾಳ ಹೆಸರು ಕೂಗಿದರು. ಅವಳು ಎದ್ದು ನಿಂತಳು. ಹೊರಟಿದ್ದ ಅತ್ತಿಗೆ ತಿರುಗಿ ಬಂದು ಅವಳ ಕೈ ಹಿಡಿದಳು.

“ಗೊತ್ತಾದ್ರೂ ಗೊತ್ತಾಯ್ತು ಅನ್ಬೇಡಮ್ಮ” ಎಂದು ಮೆಲ್ಲಗೆ ಹೇಳಿ, ನಾದಿನಿಯ ಹಿಂದೆ ಹೊರಟುಹೋದಳು.