ಕಾರಿನಿಂದ ಇಳಿಯದವರು

ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಾಕಿಸಲು ಕಾಯುತ್ತಾ ಕಾರಿನ ಪಕ್ಕ ನಿಂತಿದ್ದೆ. ಅಲ್ಲೇ ಒಂದು ಖಾಲಿ ಕೋಣೆಯ ಬಾಗಿಲಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದರು.

"ಇಲ್ಲಿ ಅಂಗಡಿ ನಡೆಯಲ್ಲ ಕಣೇ. ಬೆಳಿಗ್ಗೆಯಿಂದ ಬಂದವರನ್ನೆಲ್ಲ ಕೇಳಿದೆ, ಏನೂ ಬೇಡ ಅಂತಾರೆ. ಕೋಣೆ ಬೇಡ ಅಂತ ಬಂಕಿನ ಮಾಲೀಕರಿಗೆ ಇವತ್ತೇ ಹೇಳಿಬಿಡ್ತೀನಿ."

"ಯಾರನ್ನ ಕೇಳಿದ್ರಿ?"

"ಪೆಟ್ರೋಲ್ ಹಾಕಿಸೋಕೆ ಇಳಿದವರನ್ನ."

"ಇಳಿಯೋರೆಲ್ಲ ಗಂಡಸರೇ. ಒಳಗೆ ಕೂತಿರೋರನ್ನ?"

"ಇಳಿಯದೇ ಇರೋರು ಏನು ತಗೋತಾರೆ?"

"ಯಾಕೆ ಇಳಿಯಲ್ಲ ಅಂತ ಕೇಳಿದ್ರಾ?"

"ಅದನ್ನೆಲ್ಲ ಹೋಗಿ ಕೇಳೋಕಾಗುತ್ತೇನೇ? ತಲೆ ಕೆಟ್ಟಿದೆ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡಿ. ನಾನೇ ಕೇಳ್ತೀನಿ."

ಆಕೆ ಸೀದಾ ನಮ್ಮ ಕಾರಿನ ಹತ್ತಿರ ಬಂದು ಹಿಂದಿನ ಗಾಜು ತಟ್ಟಿದರು. ಸೊಸೆ, ಮೊಮ್ಮಕ್ಕಳ ಜೊತೆ ಒಳಗೆ ಕೂತಿದ್ದ ನನ್ನ ಅಮ್ಮ ಗಾಜು ಇಳಿಸಿದಳು.

"ಅಮ್ಮಾ, ಇಲ್ಲೊಂದು ಅಂಗಡಿ ಇಟ್ಟರೆ ನಿಮಗೇನು ಬೇಕಾಗುತ್ತೆ? ನೀರು, ಬಿಸ್ಕತ್ತು?"

"ನೀರಾ? ಮನೆಯಿಂದ ತಂದ ಬಾಟಲಿ ಮುಚ್ಚಳಾನೇ ತೆಗೆದಿಲ್ಲ ಕಣಮ್ಮ. ಕುಡಿದರೆ ಆಮೇಲೆ ಹೋಗೋದೆಲ್ಲಿಗೆ?"

"ಇಲ್ಲೇ ಒಂದು ಚೊಕ್ಕವಾದ ಟಾಯ್ಲೆಟ್ ಇದ್ದರೆ?"

"ಇದ್ದರೆ ನೀರೂ ಕುಡಿತೀನಿ, ಮೇಲೊಂದು ಟೀನೂ ಕುಡಿತೀನಿ. ನನ್ನ ಜೊತೆ ಸೊಸೆ, ಮೊಮ್ಮಕ್ಕಳೂ ಇಳಿತಾರೆ. ಆ ಮಕ್ಕಳು ಇಳಿದರೆ ನಿನ್ನ ಅಂಗಡೀಲಿ ಬಿಸ್ಕತ್ತು ಉಳಿಯುತ್ತಾ?"

ಆಕೆ ಗಂಡನ ಕಡೆ ತಿರುಗಿದರು. "ಕೇಳಿಸ್ತಾ?"

"ಕೇಳಿಸ್ತು ಕಣೇ. ನಡಿ, ಮಾಲೀಕರ ಹತ್ರ ಹೋಗೋಣ. ಮೊದಲು ಟಾಯ್ಲೆಟ್, ಆಮೇಲೆ ಅಂಗಡಿ."

ಇಬ್ಬರೂ ಆಫೀಸಿನ ಕಡೆ ಹೊರಟರು. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಬೇಗ ಕಟ್ಟಿಸಪ್ಪಾ, ನಾವು ವಾಪಸ್ ಬರೋದೂ ಇದೇ ದಾರೀಲೇ!"