ಮಲ್ಲಾಜಮ್ಮನ ಸಂಡಿಗೆ, ಆರ್ಕುಟ್ ಬಳಗ

ಮಾನ್ಯ ಅಧ್ಯಕ್ಷರಾದ ನೀಲಕಂಠಸ್ವಾಮಿಯವರೇ, ವೇದಿಕೆಯ ಮೇಲಿನ ಹಿರಿಯರೇ, ಅಂಗಡಿಗೆ ಅರ್ಧ ಷಟರ್ ಎಳೆದು ಬಂದಿರುವ ಪಿರಿಯಾಪಟ್ಟಣದ ವರ್ತಕ ಬಂಧುಗಳೇ, ಸಭಿಕರೇ,

ವಾರ್ಷಿಕೋತ್ಸವದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ಇಂಟರ್‌ನೆಟ್ಟಿನಲ್ಲಿ ಗಿರಾಕಿಗಳನ್ನು ಸಂಪಾದಿಸುವುದು ಹೇಗೆಂದು ಹೇಳಿ ಎಂದಿದ್ದೀರಿ. ಕಂಪಲಾಪುರದಲ್ಲಿ ಸಂಡಿಗೆ ಮಾರುವ ರಾಣಿ ನಾನು, ನನಗೆ ಅಂಥ ವಿದ್ಯೆ ಎಲ್ಲಿಂದ ಬರಬೇಕು? ನಡೆದದ್ದನ್ನು ಹೇಳುತ್ತೇನೆ.

2006ರಲ್ಲಿ ಬಸ್ ಸ್ಟ್ಯಾಂಡಿನ ಎದುರು ಶಶಿಯವರ ಸೈಬರ್ ಸೆಂಟರ್ ಇತ್ತು, ನೆನಪಿದೆಯೇ? ಈಗಲ್ಲಿ ಮೊಬೈಲ್ ಅಂಗಡಿ. ಸಂತೆಗೆ ಬಂದಾಗ ಅಲ್ಲಿ ಕೂತು, ಈಗಿನ ಫೇಸ್‌ಬುಕ್ಕಿನಂತೆ ಆಗ ಇದ್ದ ಆರ್ಕುಟ್‌ನಲ್ಲಿ ‘ಮಲ್ಲಾಜಮ್ಮನ ಸಂಡಿಗೆ’ ಎಂಬ ಬಳಗ ತೆರೆದೆ. ಮಲ್ಲಾಜಮ್ಮ ನಮ್ಮ ಅತ್ತೆ. ಕೈರುಚಿ ಅವರದು, ಮಾರಾಟ ನನ್ನದು. ‘ಶುಚಿ, ರುಚಿ, ಉತ್ತಮ ಗುಣಮಟ್ಟ’ ಎಂದು ವಾರವಾರವೂ ಬರೆದೆ. ಯಾರು ಓದಿದರು? ನಾನು ಓದಿದೆ, ಶಶಿ ಓದಿದರು. ಬಳಗದಲ್ಲಿದ್ದವರೇ ನಾವಿಬ್ಬರು!

ಒಂದು ದಿನ ಮಳೆ ಬಂದು ತಾರಸಿಯ ಮೇಲಿನ ಸಂಡಿಗೆಯೆಲ್ಲ ನೆನೆದುಹೋಯಿತು. ಬೇಸರದಲ್ಲಿ, ಅತ್ತೆ ಆಕಾಶ ನೋಡಿ ಬೈದದ್ದನ್ನೇ ಬರೆದುಬಿಟ್ಟೆ: “ಲೇ ಮಳೆರಾಯ, ಬ್ಯಾಡ ಅಂದಾಗ್ಲೇ ಬತ್ತೀಯಲ್ಲೋ, ಗದ್ದೆ ಕಡೀಕ್ ಓಗ್ಬಾರ್ದಾ?” ಮುಂದಿನ ಸಂತೆಗೆ ಬಂದು ನೋಡಿದರೆ ಗುರುತಿಲ್ಲದವರೆಲ್ಲ ಉತ್ತರ ಬರೆದಿದ್ದಾರೆ! ‘ನಮ್ಮಜ್ಜಿಯೂ ಹೀಗೇ ಬೈಯುತ್ತಿದ್ದರು’ ಎಂದು ಒಬ್ಬರು. ಸಂಡಿಗೆ ಬಟ್ಟೆಗೇ ಅಂಟಿಕೊಳ್ಳುತ್ತದೆ, ಏನು ಮಾಡಲಿ ಎಂದು ಮೈಸೂರಿನ ಕಾವ್ಯಾ ಎನ್ನುವವರು.

ನನಗೆ ಗೊತ್ತಿರಲಿಲ್ಲ. ಅತ್ತೆಯನ್ನೇ ಕೇಳಬೇಕಿತ್ತು.

ಸಭಿಕರೇ, ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂರುತ್ತಿದ್ದೆವು. ಮಾತು ಮಾತ್ರ ನಮ್ಮ ಯಜಮಾನರು ನಟರಾಜು ಅವರ ಮೂಲಕ. “ಅವ್ಳಿಗ್ ಏಳ್ಲಾ.” “ನಿಮ್ಮಮ್ಮಂಗೆ ಹೇಳಿ.” ಪಾಪ, ಅವರೇ ನಮ್ಮ ಮನೆಯ ಟೆಲಿಫೋನ್ ಎಕ್ಸ್‌ಚೇಂಜ್! ಮದುವೆಯ ಹೊಸತರಲ್ಲಿ ಏನೋ ಮಾತಿಗೆ ಮಾತು ಬೆಳೆದಿತ್ತು. ಏನೆಂಬುದು ಇಬ್ಬರಿಗೂ ಮರೆತುಹೋಗಿತ್ತು, ಬಿಗುವು ಉಳಿದಿತ್ತು.

ಅವತ್ತು ಯಜಮಾನರು ಮನೆಯಲ್ಲಿರಲಿಲ್ಲ. ನೇರವಾಗಿ ಕೇಳಿದೆ.

“ಬಟ್ಟೆ ಹಿಂದ್ಗಡೆ ನೀರ್ ಚಿಮುಕ್ಸಿ ಬುಡ್ಸ್‌ಬೇಕು ಕಣವ್ವ, ಅಂಗೇ ಬತ್ತದೆ” ಎಂದರು. ‘ಕಣವ್ವ’ ಎಂದದ್ದು ಕಾವ್ಯಾಗೋ ನನಗೋ, ಇವತ್ತಿಗೂ ತಿಳಿಯದು.

ಆಮೇಲೆ ಪ್ರತಿ ಸಂತೆಯ ದಿನವೂ ನಾನು ಬಸ್ಸಿಳಿದು ಬರುವ ಹೊತ್ತಿಗೆ ಅತ್ತೆ ಜಗುಲಿಯ ಮೇಲಿರುತ್ತಿದ್ದರು. “ಏನ್ ಬರ್ದವ್ರೆ?” ಅವರು ಹೇಳಿದ್ದನ್ನು ಹಾಗೆಯೇ ಬರೆದೆ. ಉತ್ತರ ಸಿಕ್ಕವರು ಇನ್ನೊಬ್ಬರನ್ನು ಕರೆತಂದರು. ಮೈಸೂರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹೋಗತೊಡಗಿತು. ಎಂಥ ಕಾಲವದು!

ಆಗಲೇ ಅತ್ತೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಹಿಟ್ಟು ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ವಲ್ಪ ದಿನಕ್ಕೆ ಒಬ್ಬರು ಬರೆದರು: ‘ಇದು ಮಲ್ಲಾಜಮ್ಮನವರ ಕೈಯದಲ್ಲ, ರುಚಿಯೇ ಬೇರೆ.’ ಇನ್ನಷ್ಟು ಜನ ಹೌದೆಂದರು. ಆರ್ಡರ್ ನಿಂತವು.

“ಬಳಗ ಮುಚ್ಚಿಬಿಡ್ತೀನಿ ಅತ್ತೆ” ಎಂದೆ. ಮುಂದಿನ ಸಂತೆಗೆ ಅತ್ತೆ, ಕಟ್ಟು ಹಾಕಿದ ಕೈಯಲ್ಲೇ, ನನಗಿಂತ ಮೊದಲೇ ಬಸ್ ಹತ್ತಿದ್ದರು. ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು, “ನಾನ್ ಏಳ್ದಂಗೆ ಬರಿ” ಎಂದರು.

“ನಾನು ಮಲ್ಲಾಜಮ್ಮ. ಕೈ ಮುರ್ಕೊಂಡಿವ್ನಿ. ಈಗ ಮಾಡದು ನನ್ ಸೊಸೆ. ಉಪ್ಪು ಒಸಿ ಕಮ್ಮಿ ಆಕ್ತಾಳೆ, ಸರಿ ಓಯ್ತದೆ. ನಾನು ತಿಂದ್ ನೋಡಿವ್ನಿ. ಚೆಂದಾಗದೆ.”

ಆಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕಿತ್ತು. ಕಣ್ಣು ಮಂಜಾಗಿ ನನಗೆ ಅಕ್ಷರ ಕಾಣಲಿಲ್ಲ.

“ಯಾಕ್ ನಿಲ್ಲಿಸ್ಬುಟ್ಟೆ? ಒತ್ತವ್ವ” ಎಂದರು. ಈ ಸಲ ‘ಅವ್ವ’ ಎಂದದ್ದು ನನಗೇ.

ಮುಂದಿನ ವಾರ ಕಾವ್ಯಾ ಅವರು, ‘ಸೊಸೆಯ ಸಂಡಿಗೆಯನ್ನೇ ಕಳಿಸಿ’ ಎಂದು ಬರೆದಿದ್ದರು. ಉಳಿದವರೂ ಒಬ್ಬೊಬ್ಬರಾಗಿ ಮರಳಿದರು. ಚೆನ್ನಾಗಿದೆ ಎಂಬ ಮಾತನ್ನು ಅತ್ತೆ ಮನೆಯೊಳಗೆ ನನಗೆ ಒಮ್ಮೆಯೂ ಹೇಳಲಿಲ್ಲ. ಕಂಡರಿಯದ ಅಷ್ಟು ಜನಕ್ಕೆ ಹೇಳಿ ಹೋದರು. ಅವರಿಲ್ಲದೆ ಇದು ಎರಡನೆಯ ಸಂಕ್ರಾಂತಿ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.