ಹಗ್ಗದ ತುದಿಯವನು

ಪರದೇಶದ ಗೋದಾಮೊಂದರ ಬಾಗಿಲಲ್ಲಿ ಕೆಲಸದ ಪಾಳಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಒಬ್ಬ ದಢೂತಿ, ಇನ್ನೊಬ್ಬ ಸಣಕಲ.

“ಈ ಸಲ ಹಗ್ಗಜಗ್ಗಾಟಕ್ಕೆ ಊರಿಗೆ ಹೋಗಲ್ವಾ, ಭಾವ?” ಸಣಕಲ ಕೇಳಿದ.

“ಯಾಕೆ ಹೋಗ್ಲಿ?”

“ನಮ್ಮ ಕೇರಿ ಹಗ್ಗದ ತುದಿ ಹಿಡಿಯೋರು ನೀವೇ ಅಲ್ವಾ?”

“ಹೋದ ವರ್ಷ ಚಪ್ಪಲಿ ಬಿಟ್ಟು ಹಿಡಿಯೋಕೇ ಹೋದೆ. ನಿಮ್ಮಣ್ಣ ಕೈ ಹಿಡಿದು ಕರ್ಕೊಂಡು ಹೋಗಿ ಕುರ್ಚೀಲಿ ಕೂರಿಸ್ದ.”

“ಮರ್ಯಾದೆಗೆ, ಭಾವ.”

“ಮಣ್ಣಾಂಗಟ್ಟಿ ಮರ್ಯಾದೆ! ಮೈಕಲ್ಲಿ ‘ಅತಿಥಿಗಳು’ ಅಂತ ಬೇರೆ ಕೂಗಿದ. ನನ್ನೂರಲ್ಲಿ ನಾನೇ ನೆಂಟ!”

“ಹೋಗ್ಲಿ ಬಿಡಿ, ನಮ್ಮವರು ಗೆದ್ರಲ್ಲ.”

“ಅದೇ ಕಣೋ ಹೊಟ್ಟೆ ಉರಿಯೋದು. ನಾನಿಲ್ದೇನೇ ಗೆದ್ರು.”

ಗಂಟೆ ಹೊಡೆಯಿತು. “ಇಲ್ಲಿ ಮಾತ್ರ ಎಳೆಯೋಕೆ ಬಂದ್ರೆ ಯಾರೂ ಕುರ್ಚಿ ಹಾಕಲ್ಲ,” ಎನ್ನುತ್ತ ದಢೂತಿ ಬಾಗಿಲ ಬಳಿಯಿದ್ದ, ಪೆಟ್ಟಿಗೆ ತುಂಬಿದ ಕೈಗಾಡಿಯನ್ನು ಎಳೆದುಕೊಂಡು ಒಳಗೆ ಹೋದ.